ಬಿಪಿ ಮಾತ್ರೆ ಯಾಕೆ ಬಿಟ್ರಿ?

ಹಾಸನ ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ.

ಹೃದಯದ ಕಾಯಿಲೆಗಳ ಬಗ್ಗೆ ಮಾತಾಡಿ ಅಂತ ನನ್ನನ್ನ ಕರೆದಿದ್ದಾರೆ. ವಿಷಯ ದೊಡ್ಡದು, ಸಮಯ ಚಿಕ್ಕದು. ಹಾಗಾಗಿ ನಾನು ಬಿಪಿ ಒಂದನ್ನೇ ಹಿಡ್ಕೊಂಡು ಮಾತಾಡ್ತೀನಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡೋ ನನ್ನಂಥ ವೈದ್ಯೆಗೆ ದಿನಾ ಕಣ್ಣಿಗೆ ಬೀಳೋದು ಅದೇ. ಹೃದಯಾಘಾತ, ಲಕ್ವ, ಕಿಡ್ನಿ ಕೆಡೋದು, ಈ ಮೂರಕ್ಕೂ ದಾರಿ ಮಾಡಿಕೊಡೋದೂ ಅದೇ.

2025ರ ಜೂನ್, ಜುಲೈ ತಿಂಗಳು ನೀವು ಮರೆತಿರಲ್ಲ. ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದಿಂದ ಅವರು ಹೋದ್ರು, ಇವರು ಹೋದ್ರು ಅಂತ ದಿನಾ ಸುದ್ದಿ. ಹೆದರಿದ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ, ಬೆಂಗಳೂರಿನ ಜಯದೇವ ಅಂತ ಬೆಳಗಿನ ಜಾವದಿಂದ ಸಾಲು ನಿಂತ್ರು. ಸರ್ಕಾರ ತಜ್ಞರ ಸಮಿತಿ ಮಾಡಿ ಆ ಸಾವುಗಳನ್ನ ಪರಿಶೀಲಿಸ್ತು. ಹೊಸ ಕಾಯಿಲೆ ಯಾವುದೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಹಳೇ ಕಾರಣಗಳೇ: ಬಿಪಿ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಬೊಜ್ಜು, ಮನೆತನದಲ್ಲಿ ಬಂದ ಹೃದ್ರೋಗ.

ಹೆದರಿದ್ದು ತಪ್ಪಲ್ಲ. ಆದರೆ ಆ ಸಾಲಿನಲ್ಲಿ ನಿಂತು ಬಂದವರು ಆಮೇಲೆ ನಮ್ಮಲ್ಲಿಗೂ ಬಂದ್ರು. "ಇಸಿಜಿ ಚೆನ್ನಾಗಿದೆ ಮೇಡಂ, ನನಗೇನೂ ಇಲ್ಲವಂತೆ" ಅಂತ ಖುಷಿಯಾಗಿದ್ರು. ಬಿಪಿ ಎಷ್ಟಿದೆ ಅಂತ ಕೇಳಿದ್ರೆ ಸುಮಾರು ಜನಕ್ಕೆ ಗೊತ್ತೇ ಇರಲಿಲ್ಲ. ಎದೆನೋವು, ಉಸಿರಾಟದ ತೊಂದರೆ ಏನೂ ಇಲ್ಲದಾಗ ತೆಗೆದ ಇಸಿಜಿ ಆ ಕ್ಷಣದ ಕಥೆ ಹೇಳುತ್ತೆ, ಮುಂದಿನ ಹತ್ತು ವರ್ಷದ್ದಲ್ಲ. ಮುಂದಿನದ್ದನ್ನ ಹೇಳೋ ಯಂತ್ರ ನಿಮ್ಮೂರ ಉಪಕೇಂದ್ರದ ಮೇಜಿನ ಮೇಲಿದೆ. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡೋಕೆ ಎರಡು ನಿಮಿಷ ಸಾಕು, ಕಾಸು ಖರ್ಚಿಲ್ಲ. ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆಯಾದರೂ ನೋಡಿಸಲೇಬೇಕು.

"ಬಿಪಿ ಇದ್ದಿದ್ರೆ ಗೊತ್ತಾಗ್ತಿರಲಿಲ್ವಾ? ತಲೆ ಸುತ್ತಬೇಕಿತ್ತಲ್ಲ?" ಅಂತ ಕೇಳ್ತಾರೆ. ಇಲ್ಲ, ಗೊತ್ತಾಗಲ್ಲ. ಬಹಳ ಜನಕ್ಕೆ ತಲೆನೋವೂ ಇರಲ್ಲ, ಸುತ್ತೂ ಇರಲ್ಲ. ಬಿಪಿ ಒಳಗೊಳಗೇ ರಕ್ತನಾಳ ಗಟ್ಟಿ ಮಾಡ್ತಾ ಹೋಗುತ್ತೆ, ಹೃದಯದ ಗೋಡೆ ದಪ್ಪ ಮಾಡ್ತಾ ಹೋಗುತ್ತೆ. ಮೈ ಹೇಳಲ್ಲ, ಪಟ್ಟಿ ಸುತ್ತಿದ್ರೆ ಮಾತ್ರ ತಿಳಿಯುತ್ತೆ.

ಒಬ್ಬ ಯಜಮಾನರ ವಿಷಯ ಹೇಳ್ತೀನಿ. ಹೆಸರು ಬೇಡ, ಅವರೂ ಈಗ ರೇಡಿಯೋ ಕೇಳ್ತಿರಬಹುದು. ಆಲೂಗಡ್ಡೆ ಬೆಳೆಯೋರು, ಅರವತ್ತರ ಹತ್ತಿರದ ವಯಸ್ಸು. ಬಂದಿದ್ದು ಮಂಡಿನೋವಿಗೆ. ಬಿಪಿ ನೋಡಿದ್ರೆ 168ಕ್ಕೆ 102. "ನಂಗೇನಾಗೈತೆ ಮೇಡಂ, ಈಗ್ಲೂ ಮೂಟೆ ಎತ್ತಿ ಟ್ರಾಕ್ಟರಿಗೆ ಹಾಕ್ತೀನಿ" ಅಂದ್ರು. ನಾನು ಒಂದೇ ಸಲ ನೋಡಿ ಬಿಪಿ ಅಂತ ಹಣೆಪಟ್ಟಿ ಹಚ್ಚಲ್ಲ. ಮೂತ್ರಕ್ಕೆ ಹೋಗಿ ಬನ್ನಿ ಅಂದೆ. ಬೆನ್ನಿಗೆ ಆಸರೆ ಇರೋ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿದೆ. ಮೇಲಕ್ಕೆ ಮಡಚಿದ್ದ ಸ್ವೆಟರ್ ತೋಳು ಬಿಗಿಯಾಗಿತ್ತು, ಅದನ್ನ ಪೂರ್ತಿ ತೆಗೆಸಿದೆ. ತೋಳನ್ನ ಎದೆ ಮಟ್ಟಕ್ಕೆ ಬರೋ ಹಾಗೆ ಮೇಜಿನ ಮೇಲಿಡಿಸಿ, ಮಾತಾಡಬೇಡಿ ಅಂತ ಹೇಳಿ ಮತ್ತೆ ನೋಡಿದೆ. ಆಗಲೂ 160 ದಾಟಿತ್ತು. ಕೆಲವು ದಿನ ಬಿಟ್ಟು ಬಂದಾಗಲೂ ಅಷ್ಟೇ. ಬೇರೆ ಬೇರೆ ದಿನ ನೋಡಿದಾಗಲೂ 140ಕ್ಕೆ 90 ದಾಟಿದ್ರೆ ಅದು ಬಿಪಿ ಕಾಯಿಲೆ. ರಕ್ತದ ಸಕ್ಕರೆ, ಮೂತ್ರ, ಕಿಡ್ನಿ ಪರೀಕ್ಷೆ ಮಾಡಿಸಿ ಅಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆ ಶುರು ಮಾಡಿದೆ. ದಿನಕ್ಕೊಂದು.

ಯಜಮಾನ್ರು ಮಾತ್ರೆ ಒಪ್ಪಲಿಲ್ಲ. "ಕಾಯಿಲೆನೇ ಕಾಣ್ದೆ ಮಾತ್ರೆ ಯಾಕೆ ನುಂಗ್ಲಿ?" ಅಂದ್ರು. ನಾನು ಕೇಳಿದೆ: "ಆಲೂಗಡ್ಡೆಗೆ ಅಂಗಮಾರಿ ಔಷಧಿ ಯಾವಾಗ ಹೊಡೀತೀರಿ? ಎಲೆ ಕಪ್ಪಾದ ಮೇಲಾ?" ಅವರು ನಕ್ಕುಬಿಟ್ರು. "ಮೋಡ ಮುಚ್ಕೊಂಡ ತಕ್ಷಣ ಹೊಡೀಬೇಕು, ಎಲೆ ಕಪ್ಪಾದ್ರೆ ಮುಗೀತು" ಅಂದ್ರು. ಸರಿ, ಮಾತ್ರೆ ತಗೊಂಡು ಹೋದ್ರು.

ತಿಂಗಳಾದ ಮೇಲೆ ಬಂದಾಗ 132ಕ್ಕೆ 84. ನನಗೆ ಸಂತೋಷ. ಅದಾದ ಮೇಲೂ ತಪ್ಪದೆ ತಿಂಗಳು ತಿಂಗಳು ಬಂದು ಮಾತ್ರೆ ತಗೊಂಡು ಹೋದ್ರು. ಆದರೆ ಬಿಪಿ ಮತ್ತೆ ಏರೋಕೆ ಶುರುವಾಯ್ತು. ಮಾತ್ರೆ ತಗೋತಿದ್ದೀರಾ ಅಂದ್ರೆ "ತಗೋತಿದ್ದೀನಿ ಮೇಡಂ" ಅಂತಾರೆ. ಸುಳ್ಳೂ ಅಲ್ಲ, ನಮ್ಮ ಕೌಂಟರಿನಿಂದ ತಗೋತಾನೇ ಇದ್ರು! ಡೋಸ್ ಏರಿಸೋ ಮೊದಲು ಒಂದ್ಸಲ ಮನೆಗೆ ಹೋಗಿ ನೋಡಮ್ಮ ಅಂತ ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿದೆ. ಆಕೆ ಜಾಣೆ. ಮಾತ್ರೆ ನುಂಗ್ತೀರಾ ಅಂತ ಕೇಳಲೇ ಇಲ್ಲ, "ಮಾತ್ರೆ ಎಲ್ಲಿಟ್ಟಿದ್ದೀರಿ ತೋರಿಸಿ ಅಣ್ಣ" ಅಂದ್ಲು. ಅವರ ಹೆಂಡತಿ ಒಳಗಿಂದ ಒಂದು ಬಿಸ್ಕತ್ ಡಬ್ಬ ತಂದು ಮುಂದಿಟ್ರು. ತೆಗೆದು ನೋಡಿದ್ರೆ ತುಂಬ ಮಾತ್ರೆ ಸ್ಟ್ರಿಪ್ಪು, ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಿದ್ದಾರೆ. ಒಂದೂ ಒಡೆದಿಲ್ಲ.

ಕರೆಸಿ ಕೂರಿಸಿ ಕೇಳಿದೆ, ಬೈಯಲಿಲ್ಲ. ನಿಧಾನಕ್ಕೆ ಬಾಯಿಬಿಟ್ರು. ಮಾತ್ರೆ ಶುರುವಾದ ಮೇಲೆ ಸಂಜೆ ಹೊತ್ತಿಗೆ ಕಾಲಿನ ಹರಡು ಊದಿಕೊಳ್ತಿತ್ತಂತೆ. ಪಕ್ಕದ ಮನೆಯವರು, "ಕಿಡ್ನಿ ಹೋಗ್ತೈತೆ, ಬಿಟ್ಬುಡು. ಬಿಪಿ ನಾರ್ಮಲ್ ಆಯ್ತಲ್ಲ" ಅಂದ್ರಂತೆ. ಬಿಟ್ರು. ನನಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ ಡಬ್ಬಕ್ಕೆ ಹಾಕಿಟ್ರು! ಕೇಳುಗರೇ, ಆ ಊತ ಅಮ್ಲೋಡಿಪಿನ್ ಮಾತ್ರೆಯಿಂದ ಕೆಲವರಿಗೆ ಬರೋದೇ. ಅದು ಕಿಡ್ನಿ ಹಾಳಾದ ಗುರುತಲ್ಲ. ಮತ್ತೆ ಮೂತ್ರ, ಕಿಡ್ನಿ ಪರೀಕ್ಷೆ ಮಾಡಿಸಿ ತೋರಿಸಿದೆ, ಎಲ್ಲ ಸರಿ ಇತ್ತು. ಟೆಲ್ಮಿಸಾರ್ಟಾನ್ ಅನ್ನೋ ಬೇರೆ ಮಾತ್ರೆಗೆ ಬದಲಾಯಿಸಿದೆ. ಊತ ಇಳೀತು, ಬಿಪಿನೂ ಇಳೀತು. ಇನ್ನೊಂದೂ ಸಿಕ್ತು: ಮಂಡಿನೋವಿಗೆ ಅಂತ ಮೆಡಿಕಲ್ ಸ್ಟೋರಿನಿಂದ ದಿನಾ ಡೈಕ್ಲೋಫೆನಾಕ್ ತಂದು ನುಂಗ್ತಿದ್ರು. ಬಿಪಿ ಏರಿಸೋದೂ, ಕಿಡ್ನಿಗೆ ಪೆಟ್ಟು ಕೊಡೋದೂ ಆ ನೋವಿನ ಮಾತ್ರೆ. ಕಾಯೋ ಮಾತ್ರೆ ಡಬ್ಬದಲ್ಲಿ, ಕೆಡಿಸೋ ಮಾತ್ರೆ ಹೊಟ್ಟೇಲಿ. ನೋಡಿ, ಎಂಥ ಸಂಕಟ!

ಇದನ್ನ ಇಷ್ಟುದ್ದ ಹೇಳಿದ್ದು ಯಾಕೆ ಅಂದ್ರೆ ಇಂಥ ಡಬ್ಬ ಬಹಳ ಮನೆಯಲ್ಲಿದೆ. ಬಿಪಿ ನಾರ್ಮಲ್ ಬಂದಿದ್ದು ಮಾತ್ರೆಯಿಂದ. ಮಾತ್ರೆ ಬಿಟ್ರೆ ಬಿಪಿ ವಾಪಸ್ ಬರುತ್ತೆ. ಇನ್ನೊಂದು ಸಲ ಹೇಳ್ತೀನಿ, ದಯವಿಟ್ಟು ಕೇಳಿಸ್ಕೊಳ್ಳಿ: ನಾರ್ಮಲ್ ಆಯ್ತು ಅಂತ ಮಾತ್ರೆ ಬಿಡಬೇಡಿ. ಕಾಲು ಊದಿದ್ರೆ, ಕೆಮ್ಮು ಬಂದ್ರೆ, ಎದ್ದು ನಿಂತಾಗ ತಲೆ ತಿರುಗಿದ್ರೆ ನಮ್ಮ ಹತ್ರ ಬಂದು ಹೇಳಿ. ಮಾತ್ರೆ ಬದಲಾಯಿಸಬಹುದು, ಡೋಸ್ ಇಳಿಸಬಹುದು. ಪಕ್ಕದ ಮನೆಯವರನ್ನ ಕೇಳಿ ನಿಲ್ಲಿಸಬೇಡಿ. "ಒಂದ್ಸಲ ಹಿಡಿದ್ರೆ ಜೀವಮಾನ ಪೂರ್ತಿ ನುಂಗಬೇಕಲ್ಲ" ಅಂತ ಹಿಂಜರಿಯೋರೇ, ಲಕ್ವ ಹೊಡೆದ್ರೆ ಅದನ್ನೂ ಜೀವಮಾನ ಪೂರ್ತಿ ಅನುಭವಿಸಬೇಕು. ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ.

ಸ್ಟುಡಿಯೋದವರು ಗಡಿಯಾರ ತೋರಿಸ್ತಿದ್ದಾರೆ. ಉಳಿದದ್ದು ಬೇಗ ಬೇಗ.

ಉಪ್ಪು. ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ, ಅಂದ್ರೆ 5 ಗ್ರಾಂ ಒಳಗೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಎಲ್ಲ ಆ ಲೆಕ್ಕಕ್ಕೇ ಸೇರುತ್ತೆ. ಮಜ್ಜಿಗೆಗೆ ಉಪ್ಪು ಹಾಕೋದು ಇವತ್ತೇ ನಿಲ್ಲಿಸಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಕಡಿಮೆ ಮಾಡೋದಲ್ಲ, ಪೂರ್ತಿ ಬಿಡೋದು.

ಎದೆನೋವು. ಎದೆ ಮಧ್ಯೆ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ಆಗಿ ಎಡತೋಳಿಗೋ ದವಡೆಗೋ ನೋವು ಹರಿದ್ರೆ, ಜೊತೆಗೆ ತಣ್ಣಗೆ ಬೆವರಿದ್ರೆ, ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ಹೆಂಗಸರಿಗೂ ಸಕ್ಕರೆ ಕಾಯಿಲೆ ಇರೋರಿಗೂ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರುಗಟ್ಟೋದು, ಹೊಟ್ಟೆ ತೊಳಸೋದು ಇರಬಹುದು. ನೀವೇ ಬೈಕ್ ಓಡಿಸ್ಕೊಂಡು ಬರಬೇಡಿ, 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಕಳಿಸ್ತಾರೆ. ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಉಚಿತವಾಗಿ ಕೊಡ್ತಾರೆ. ಅದು ಎಷ್ಟು ಬೇಗ ಸಿಕ್ಕಿದ್ರೆ ಹೃದಯದ ಮಾಂಸಖಂಡ ಅಷ್ಟು ಉಳಿಯುತ್ತೆ.

ಬರುವಾಗ ನುಂಗ್ತಿರೋ ಮಾತ್ರೆಗಳನ್ನೂ, ಹಳೇ ಇಸಿಜಿ ಇದ್ರೆ ಅದನ್ನೂ ಕವರಿನಲ್ಲಿ ಹಾಕಿ ತನ್ನಿ. ಹಳೇದನ್ನ ಪಕ್ಕದಲ್ಲಿಟ್ಟು ನೋಡಿದ್ರೆ ಹೊಸದಾಗಿ ಏನು ಬದಲಾಗಿದೆ ಅಂತ ನಮಗೆ ತಕ್ಷಣ ತಿಳಿಯುತ್ತೆ. ನಮಸ್ಕಾರ.