‘ಸ್ಕ್ಯಾಟರ್’ಗೆ ಕನ್ನಡದಲ್ಲಿ ಏನನ್ನೋಣ?

ಸ್ನೇಹಿತರೇ, ಇವತ್ತು ‘ಸ್ಕ್ಯಾಟರ್’ ಅನ್ನುವ ಒಂದೇ ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಮಾತಾಡುತ್ತೇನೆ. ಇದಕ್ಕೆ ಕನ್ನಡದಲ್ಲಿ ಚದುರು, ಚೆಲ್ಲು, ಎರಚು, ಹರಡು, ಕೆದರು ಅಂತ ಸಾಲು ಸಾಲು ಪದಗಳಿವೆ. ಸುಮ್ನೆ ಒಂದನ್ನು ಎತ್ತಿಕೊಂಡರೆ ಆಗುವುದಿಲ್ಲ. ಚದುರಿದ್ದು ಏನು, ತಾನಾಗಿ ಚದುರಿತೋ, ಯಾರಾದರೂ ಚದುರಿಸಿದರೋ, ಯಾವ ಮನಸ್ಸಿನಿಂದ? ಇಷ್ಟು ಗೊತ್ತಾಗದೆ ಸರಿಯಾದ ಪದ ಸಿಗುವುದಿಲ್ಲ.

ಇಂಗ್ಲಿಷಿನಲ್ಲಿ ಗುಂಪು ತಾನೇ ಚೆದುರಿ ಹೋದರೂ ಅದೇ ಪದ, ಪೊಲೀಸರು ಓಡಿಸಿದರೂ ಅದೇ ಪದ. ಕನ್ನಡದಲ್ಲಿ ಒಂದು ಚದುರುವುದು, ಇನ್ನೊಂದು ಚದುರಿಸುವುದು. ಆ ‘ಇಸು’ ಬಂದ ಕೂಡಲೇ ಹಿಂದೆ ಒಬ್ಬರ ಕೈ ಇದೆ ಅಂತ ತಿಳಿಯುತ್ತದೆ. ವರದಿ ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ. ಇನ್ನು ಕಾಗದಗಳು ಚೆಲ್ಲಾಪಿಲ್ಲಿಯಾಗುತ್ತವೆ, ಜನ ದಿಕ್ಕಾಪಾಲಾಗುತ್ತಾರೆ. ಕಾಗದ ದಿಕ್ಕಾಪಾಲಾಗಿ ಓಡುವುದಿಲ್ಲ, ಅಲ್ವಾ? ಕೂದಲಿಗೆ ಮಾತ್ರ ‘ಕೆದರಿದೆ’ ಅನ್ನುವುದೇ ಚಂದ.

ನನಗೆ ತುಂಬಾ ಕಷ್ಟ ಅನ್ನಿಸುವುದು ಚಿತಾಭಸ್ಮದ ವಿಷಯ. ಜವಾಹರಲಾಲ್ ನೆಹರೂ 1954ರಲ್ಲಿ ತಮ್ಮ ಉಯಿಲು ಬರೆದರು. ತಮ್ಮ ಚಿತಾಭಸ್ಮದ ಒಂದು ಹಿಡಿಯನ್ನು ಗಂಗೆಗೆ ಬಿಡಬೇಕು, ಹೆಚ್ಚಿನ ಭಾಗವನ್ನು ವಿಮಾನದಲ್ಲಿ ಒಯ್ದು ರೈತರು ದುಡಿಯುವ ಹೊಲಗಳ ಮೇಲೆ ‘ಸ್ಕ್ಯಾಟರ್’ ಮಾಡಬೇಕು, ಅದು ದೇಶದ ಮಣ್ಣಿನಲ್ಲಿ ಬೆರೆಯಬೇಕು ಅನ್ನುವುದು ಅವರ ಆಸೆ. ಇಲ್ಲಿ ಯಾವ ಪದ ಹಾಕುವುದು? ‘ಚೆಲ್ಲು’ ಅಂದರೆ ಬೇಡದ್ದನ್ನು ಸುರಿದ ಹಾಗೆ. ‘ಎರಚು’ ಅಂದರೆ ಕೆಸರು ನೆನಪಾಗುತ್ತದೆ. ‘ಬಿತ್ತು’ ಇಂಪಾಗಿದೆ, ಆದರೆ ಅವರು ಹೇಳದ ಅರ್ಥವನ್ನು ನಾವೇ ತುರುಕಿದಂತಾಗುತ್ತದೆ. ‘ಗಾಳಿಗೆ ತೂರು’ ಅಂತೂ ಬೇಡವೇ ಬೇಡ. ನಿಯಮ ಗಾಳಿಗೆ ತೂರಿದರು ಅಂತ ಬೈಯುವುದಕ್ಕೆ ಅದು ರೂಢಿಯಾಗಿಬಿಟ್ಟಿದೆ. ‘ವಿಸರ್ಜನೆ’ ಗೌರವದ ಪದವೇನೋ ಹೌದು, ಆದರೆ ಅದು ಹೆಚ್ಚಾಗಿ ನೀರಿನ ಜೊತೆ ಬರುತ್ತದೆ. ನಾನಾದರೆ ‘ಹೊಲಗಳ ಮೇಲೆ ಉದುರಿಸಬೇಕು’ ಅಂತ ಬರೆಯುತ್ತೇನೆ. ಎತ್ತರದಿಂದ ಕೆಳಗೆ, ಪುಡಿಪುಡಿಯಾಗಿ, ಮೆಲ್ಲಗೆ ಬೀಳುವ ಭಾವ ಅದರಲ್ಲಿದೆ. ತಿರಸ್ಕಾರದ ಸುಳಿವಿಲ್ಲ.

ಕೆಲವು ಕಡೆ ಕ್ರಿಯಾಪದವೇ ಬೇಕಾಗಿಲ್ಲ. ಹವಾಮಾನ ವರದಿಯಲ್ಲಿ ‘ಸ್ಕ್ಯಾಟರ್ಡ್’ ಮಳೆ ಅಂದಾಗ ‘ಚದುರಿದ ಮಳೆ’ ಅಂತ ಒದ್ದಾಡಬೇಕಿಲ್ಲ. ‘ಅಲ್ಲಲ್ಲಿ ಮಳೆ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ವಿಜ್ಞಾನದಲ್ಲಿ ಮಾತ್ರ ಇಷ್ಟೊಂದು ಸ್ವಾತಂತ್ರ್ಯ ಕೂಡದು. ಅಲ್ಲಿ ಒಂದು ವಿಷಯಕ್ಕೆ ಒಂದೇ ಪದ ಇರಬೇಕು. ಬೆಳಕು ಗಾಳಿಯ ಅಣುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಹೋಗುವುದು ‘ಚದುರುವಿಕೆ’. ಇದನ್ನು ವಿವರಿಸಿದ ವಿಜ್ಞಾನಿ ರೇಲಿಯ ನಿಯಮದ ಪ್ರಕಾರ ಬೆಳಕಿನ ಅಲೆಯುದ್ದ (ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗಿರುವ ದೂರ) ಅರ್ಧಕ್ಕಿಳಿದರೆ ಚದುರುವಿಕೆ 16 ಪಟ್ಟು ಜಾಸ್ತಿ. ನೀಲಿಯ ಅಲೆಯುದ್ದ ಕೆಂಪಿನದಕ್ಕಿಂತ ಕಡಿಮೆ. ಕೆಂಪಿಗಿಂತ ನೀಲಿ ಹೆಚ್ಚು ಚದುರುವುದು ಅದಕ್ಕೇ, ಆಕಾಶ ನೀಲಿಯಾಗಿ ಕಾಣುವುದೂ ಅದಕ್ಕೇ. ಸಿ. ವಿ. ರಾಮನ್ 1928ರಲ್ಲಿ ಕಂಡುಹಿಡಿದು 1930ರಲ್ಲಿ ನೊಬೆಲ್ ಪಡೆದದ್ದೂ ಚದುರಿದ ಬೆಳಕಿನ ಬಗ್ಗೆಯೇ. ಆದರೆ ಗಾಜಿನ ಪಟ್ಟಕದಲ್ಲಿ (ಪ್ರಿಸಂ) ಬೆಳಕು ಬಣ್ಣಬಣ್ಣವಾಗಿ ಬೇರೆಯಾಗುವುದು ಚದುರುವಿಕೆ ಅಲ್ಲ, ‘ವರ್ಣವಿಭಜನೆ’. ಇಂಗ್ಲಿಷಿನಲ್ಲೂ ಅದಕ್ಕೆ ‘ಡಿಸ್ಪರ್ಷನ್’ ಅಂತ ಬೇರೆ ಹೆಸರಿದೆ. ಎರಡಕ್ಕೂ ‘ಚದುರುವಿಕೆ’ ಅಂತಲೇ ಬರೆದರೆ, ಓದುವ ಮಕ್ಕಳು ನೀಲಿ ಆಕಾಶಕ್ಕೂ ಕಾಮನಬಿಲ್ಲಿಗೂ ಒಂದೇ ಕಾರಣ ಅಂತ ತಿಳಿದುಕೊಳ್ಳುತ್ತಾರೆ.