ಗೆರೆ ಇಳಿಯದ ತೊಟ್ಟಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡವರು ಗಾಜಿನ ಒಳಗಡೆ ಒಂದು ಬಿಳಿ ಗೆರೆ ನೋಡಿರುತ್ತೀರಿ. ನೀರು ಇಳಿದ ಜಾಗದಲ್ಲಿ ಅಂಟಿಕೊಂಡು ಉಳಿಯುವ ಗೆರೆ. ಉಜ್ಜಿದರೂ ಬೇಗ ಹೋಗುವುದಿಲ್ಲ. ಅದು ಏನು ಗೊತ್ತಾ? ನೀರು ಆವಿಯಾಗುವಾಗ ಬಿಟ್ಟುಹೋದ ಸುಣ್ಣ, ಉಪ್ಪು. ಆವಿಯಾಗುವುದು ನೀರು ಮಾತ್ರ. ಅದರಲ್ಲಿ ಕರಗಿದ್ದೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಹೀಗೆ ಆವಿಯಾಗಿ ಹೋದ ನೀರನ್ನು ತಾನಾಗಿ ತುಂಬುವ ಯಂತ್ರದ ಬಗ್ಗೆ ಇವತ್ತು ಹೇಳುತ್ತೇನೆ. ನನ್ನ ಮಾತೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಒಂದು ಲೆಕ್ಕ ಹಾಕೋಣ. ನಿಮ್ಮ ತೊಟ್ಟಿ 100 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ ಇದೆ ಅಂದುಕೊಳ್ಳಿ. ನೀರಿನ ಆಳ 50. ಒಟ್ಟು 200 ಲೀಟರ್. ಇದರಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ 4 ಲೀಟರ್ ಹೋಯಿತು ಎಂದರ್ಥ. ದಿನಕ್ಕೆ ಅರ್ಧ ಸೆಂಟಿಮೀಟರ್ ಇಳಿದರೆ 2 ಲೀಟರ್. ನೋಡಲು ಏನೂ ಅನಿಸುವುದಿಲ್ಲ. ಆದರೆ ವಾರಕ್ಕೆ 14 ಲೀಟರ್ ಆಗುತ್ತದೆ.

ಇದು ಸಮುದ್ರದ ಮೀನಿನ ತೊಟ್ಟಿಯಾದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. 200 ಲೀಟರಿಗೆ 7 ಕಿಲೋ. ವಾರ ಕಳೆದ ಮೇಲೂ ಆ 7 ಕಿಲೋ ಅಲ್ಲೇ ಇದೆ, ನೀರು ಮಾತ್ರ 186 ಲೀಟರಿಗೆ ಇಳಿದಿದೆ. ಲೀಟರಿಗೆ 37 ಗ್ರಾಂ ದಾಟಿತು. ಭಾನುವಾರ ನೀವು ಬಿಡುವಾಗಿ ಬಂದು 14 ಲೀಟರ್ ಸಿಹಿನೀರನ್ನು ಒಂದೇ ಸಲ ಸುರಿಯುತ್ತೀರಿ. ಉಪ್ಪು ದಡ್ ಎಂದು ಮತ್ತೆ 35ಕ್ಕೆ ಬರುತ್ತದೆ. ಹೀಗೆ ವಾರ ವಾರ ಏರುವುದು, ಇಳಿಯುವುದು. ಮೀನುಗಳು ಹೇಗೋ ತಡೆದುಕೊಳ್ಳುತ್ತವೆ. ಆದರೆ ನಕ್ಷತ್ರ ಮೀನು, ಸೀಗಡಿ, ಹವಳ ಇವುಗಳಿಗೆ ಕಷ್ಟ. ನಕ್ಷತ್ರ ಮೀನಿಗಂತೂ ಮೈಯೊಳಗಿನ ಉಪ್ಪನ್ನು ತಾನೇ ಹದದಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಹೊರಗಿನ ನೀರು ಹೇಗೋ ಅದರ ಮೈಯೂ ಹಾಗೆ.

ಸಿಹಿನೀರಿನ ತೊಟ್ಟಿಯವರು ನಮಗೇನು ಎನ್ನಬೇಡಿ. ನಿಮ್ಮ ನಲ್ಲಿ ನೀರಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ಲವಣ ಇದೆ ಅಂತಿಟ್ಟುಕೊಳ್ಳಿ. ದಿನಾ 2 ಲೀಟರ್ ತುಂಬಿದರೆ 600 ಮಿಲಿಗ್ರಾಂ ಒಳಗೆ ಸೇರುತ್ತದೆ, ಹೊರಗೆ ಏನೂ ಹೋಗುವುದಿಲ್ಲ. ನೀರು ಬದಲಿಸದೆ ಸುಮ್ನೆ ತುಂಬುತ್ತಾ ಹೋದರೆ, 200 ಲೀಟರಿನ ತೊಟ್ಟಿಯಲ್ಲಿ ಒಂದು ತಿಂಗಳಿಗೆ ಲೀಟರಿಗೆ 90 ಮಿಲಿಗ್ರಾಂ ಜಾಸ್ತಿ. ಮೃದು ನೀರು ಬೇಡುವ ಮೀನಿಗೆ ಅದು ಸಣ್ಣ ವಿಷಯವಲ್ಲ. ಅದಕ್ಕೇ ತುಂಬುವ ನೀರು ಆರ್‌ಒ ನೀರಾಗಿರಲಿ, ಅಥವಾ ಲವಣ ತೆಗೆದ ಬೇರೆ ಯಾವುದಾದರೂ ನೀರಾಗಿರಲಿ. ಸಮುದ್ರದ ತೊಟ್ಟಿಗೂ ಅಷ್ಟೇ. ಹೋದದ್ದು ಬರೀ ನೀರು, ಹಾಗಾಗಿ ಹಾಕಬೇಕಾದದ್ದೂ ಬರೀ ನೀರು. ಉಪ್ಪು ನೀರನ್ನು ತುಂಬಿದರೆ ಉಪ್ಪು ಏರುತ್ತಲೇ ಹೋಗುತ್ತದೆ.

ಈಗ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಮಾತಿಗೆ ಬರೋಣ. ಮೀನು ಸಾಕುವವರು ಇದನ್ನು ಆಟೋ ಟಾಪ್ ಆಫ್ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸಣ್ಣದು. ನೀರು ಇಳಿದದ್ದನ್ನು ಗುರುತಿಸಲು ಒಂದು ಸೆನ್ಸರ್. ನೀರು ತುಂಬಿಟ್ಟ ಒಂದು ಕ್ಯಾನ್. ಅದರಿಂದ ನೀರು ತರಲು ಸಣ್ಣ ಪಂಪ್, ಒಂದು ತೆಳು ಪೈಪ್. ಗಂಟೆಗೊಮ್ಮೆಯೋ ಎರಡು ಗಂಟೆಗೊಮ್ಮೆಯೋ ಒಂದು ಲೋಟದಷ್ಟು ನೀರು ಸೇರಿಸಿ ಸುಮ್ಮನಾಗುತ್ತದೆ. ತೊಟ್ಟಿಗೆ ಏರಿಳಿತದ ಅರಿವೇ ಆಗುವುದಿಲ್ಲ.

ಇದು ಹೊಸ ಯೋಚನೆಯೂ ಅಲ್ಲ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಕ್ಟೆಸಿಬಿಯಸ್ ಎಂಬಾತ ನೀರಿನ ಗಡಿಯಾರ ಮಾಡಿದ. ಅದರೊಳಗಿನ ನೀರಿನ ಮಟ್ಟವನ್ನು ಒಂದು ತೇಲುವ ಬೆಂಡು ಕಾಯುತ್ತಿತ್ತು ಎಂದು ಇತಿಹಾಸಕಾರರು ಹೇಳುತ್ತಾರೆ. ಮನೆಯ ಮೇಲಿನ ಟ್ಯಾಂಕಿನಲ್ಲಿ ತೇಲುವ ಬಾಲ್ ವಾಲ್ವ್ ಇರುತ್ತದಲ್ಲ, ಅದೂ ಇದೇ ಜಾತಿ. ನೀರು ಇಳಿದರೆ ಬಾಯಿ ತೆರೆಯುತ್ತದೆ, ಏರಿದರೆ ಮುಚ್ಚುತ್ತದೆ.

ಸೆನ್ಸರ್ ಎಲ್ಲಿ ಇಡಬೇಕು ಎಂಬುದು ಮೊದಲ ಪ್ರಶ್ನೆ. ತೊಟ್ಟಿ ಒಂದೇ ಇದ್ದರೆ ಯೋಚನೆಯೇ ಇಲ್ಲ, ಅದರಲ್ಲೇ ಒಂದು ಮೂಲೆಯಲ್ಲಿ ಇಡಿ. ಆದರೆ ಕೆಲವರು ಕೆಳಗೆ ಇನ್ನೊಂದು ತೊಟ್ಟಿ ಇಟ್ಟು ಅದರಲ್ಲಿ ಫಿಲ್ಟರ್, ಹೀಟರ್ ಎಲ್ಲ ಇಡುತ್ತಾರೆ. ಸಂಪ್ ಅಂತಾರೆ. ಮೇಲಿನಿಂದ ನೀರು ಉಕ್ಕಿ ಕೆಳಗೆ ಬರುತ್ತದೆ, ಪಂಪ್ ಅದನ್ನು ಮತ್ತೆ ಮೇಲೆ ಕಳಿಸುತ್ತದೆ. ಇಂಥ ಕಡೆ ಮೇಲಿನ ತೊಟ್ಟಿಯ ನೀರು ಇಳಿಯುವುದೇ ಇಲ್ಲ. ಎಷ್ಟು ಆವಿಯಾದರೂ ಇಳಿಯುವುದು ಸಂಪಿನ ಕೊನೆಯ ಖಾನೆಯಲ್ಲಿ, ನೀರನ್ನು ಮೇಲೆ ಕಳಿಸುವ ಪಂಪ್ ಇರುವ ಜಾಗದಲ್ಲಿ. ಸೆನ್ಸರ್ ಅಲ್ಲಿಯೇ ಇರಬೇಕು. ಆ ಖಾನೆ ಚಿಕ್ಕದು. 30ಕ್ಕೆ 20 ಸೆಂಟಿಮೀಟರ್ ಇದ್ದರೆ, 2 ಲೀಟರ್ ಹೋಗುವಷ್ಟರಲ್ಲಿ ನೀರು 3 ಸೆಂಟಿಮೀಟರಿಗೂ ಹೆಚ್ಚು ಇಳಿಯುತ್ತದೆ. ಎರಡು ಮೂರು ದಿನ ಮರೆತರೆ ಪಂಪ್ ಗಾಳಿ ಎಳೆಯಲು ಶುರು ಮಾಡುತ್ತದೆ, ತೊಟ್ಟಿ ತುಂಬ ಗುಳ್ಳೆ. ಹೀಟರ್ ಕೂಡ ಅದೇ ಖಾನೆಯಲ್ಲಿದ್ದು ನೀರಿನಿಂದ ಹೊರಗೆ ಬಂದರೆ ಅದರ ಗಾಜು ಒಡೆಯಬಹುದು.

ಸೆನ್ಸರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಬಗೆ. ಒಂದು ಫ್ಲೋಟ್ ಸ್ವಿಚ್. ತೇಲುವ ಸಣ್ಣ ಬಿಲ್ಲೆಯೊಳಗೆ ಅಯಸ್ಕಾಂತ ಇರುತ್ತದೆ. ನಡುವಿನ ಕಡ್ಡಿಯೊಳಗೆ ಎರಡು ತೆಳು ಲೋಹದ ಪಟ್ಟಿ. ಬಿಲ್ಲೆ ಹತ್ತಿರ ಬಂದಾಗ ಪಟ್ಟಿಗಳು ಕೂಡಿಕೊಳ್ಳುತ್ತವೆ, ದೂರ ಹೋದಾಗ ಬಿಡುತ್ತವೆ. ಅಷ್ಟೇ. ಇನ್ನೊಂದು ಬೆಳಕಿನ ಸೆನ್ಸರ್. ಅದರ ತುದಿಯಲ್ಲಿ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಇರುತ್ತದೆ. ತುದಿ ಗಾಳಿಯಲ್ಲಿದ್ದರೆ ಬೆಳಕು ಒಳಗೇ ತಿರುಗಿ ಬರುತ್ತದೆ, ನೀರಿನಲ್ಲಿದ್ದರೆ ಹೊರಗೆ ಹೋಗಿಬಿಡುತ್ತದೆ. ಅದನ್ನು ನೋಡಿ ಒದ್ದೆಯೋ ಒಣಗಿದೆಯೋ ಎಂದು ತಿಳಿಯುತ್ತದೆ.

ಎರಡೂ ಒಳ್ಳೆಯವೇ. ಎರಡೂ ಕೆಡುತ್ತವೆ. ಫ್ಲೋಟಿನ ಸಂದಿಯಲ್ಲಿ ಬಸವನಹುಳು ಹತ್ತಿ ಕುಳಿತರೆ ಬಿಲ್ಲೆ ಕೆಳಗೇ ಸಿಕ್ಕಿಕೊಳ್ಳುತ್ತದೆ. ಉಪ್ಪು ಕಟ್ಟಿದರೂ ಹಾಗೆಯೇ. ಬೆಳಕಿನ ಸೆನ್ಸರಿನ ತುದಿಗೆ ಪಾಚಿ ಹಿಡಿದರೆ, ಗುಳ್ಳೆ ಅಂಟಿದರೆ, ದೀಪದ ಬೆಳಕು ನೇರ ಬಿದ್ದರೆ ಅದೂ ತಪ್ಪು ಹೇಳಬಹುದು. ಹಾಗಾಗಿ ನನ್ನ ಮಾತು ಇಷ್ಟು: ಇದು ಒಂದು ದಿನ ಕೈಕೊಡುತ್ತದೆ ಎಂದುಕೊಂಡೇ ಜೋಡಿಸಿ. ಕೆಟ್ಟ ದಿನ ಏನಾಗುತ್ತದೆ ಎಂಬುದನ್ನು ಇವತ್ತೇ ತೀರ್ಮಾನ ಮಾಡಿಡಬಹುದು.

ಹೇಗೆ? ಮೊದಲನೆಯದು ಕ್ಯಾನಿನ ಗಾತ್ರ. ಎಲ್ಲರಿಗೂ ದೊಡ್ಡ ಕ್ಯಾನ್ ಇಡುವ ಆಸೆ, ತಿಂಗಳುಗಟ್ಟಲೆ ನೋಡಬೇಕಿಲ್ಲ ಎಂದು. ನಾನು ಬೇಡ ಎನ್ನುತ್ತೇನೆ. ಪಂಪ್ ನಿಲ್ಲದೆ ಇಡೀ ಕ್ಯಾನ್ ಸುರಿದುಬಿಟ್ಟಿತು ಅಂದುಕೊಳ್ಳಿ. ನಮ್ಮ 200 ಲೀಟರಿಗೆ 10 ಲೀಟರ್ ಬಿದ್ದರೆ ಉಪ್ಪು 35ರಿಂದ 33ಕ್ಕೆ ಬರುತ್ತದೆ. ಬೇಸರ, ಆದರೆ ಸರಿಪಡಿಸಬಹುದು. 20 ಲೀಟರ್ ಬಿದ್ದರೆ 32ರ ಹತ್ತಿರ. 50 ಲೀಟರ್ ಬಿದ್ದರೆ 28. ಆಗ ಹವಳ ಉಳಿಯುವುದು ಕಷ್ಟ. ಜೊತೆಗೆ ಮನೆಯ ನೆಲವೆಲ್ಲ ನೀರು. ಮನೆಯಲ್ಲಿ ಇರುವಾಗ 10 ಲೀಟರ್ ಸಾಕು, ಐದು ದಿನಕ್ಕೆ ಬರುತ್ತದೆ. ಊರಿಗೆ ಹೋಗುವಾಗ 20 ಮಾಡಿಕೊಳ್ಳಿ. ಮತ್ತೆ, ಕ್ಯಾನಿನ ನೀರೆಲ್ಲ ಸಂಪಿಗೆ ಬಂದರೂ ಅಂಚು ದಾಟದಷ್ಟು ಜಾಗ ಅಲ್ಲಿ ಇರಬೇಕು.

ಇದೇ ಕಾರಣಕ್ಕೆ ನಲ್ಲಿಯ ಪೈಪನ್ನು ನೇರವಾಗಿ ತೊಟ್ಟಿಗೆ ಜೋಡಿಸುವುದನ್ನು ನಾನು ಒಪ್ಪುವುದಿಲ್ಲ. ನಲ್ಲಿಗೆ ತಳವೇ ಇಲ್ಲ, ಕೆಟ್ಟರೆ ನಿಲ್ಲುವುದೇ ಇಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಬೇರೆ ಇರುತ್ತದೆ. ಆರ್‌ಒ ಯಂತ್ರವನ್ನು ನೇರ ಜೋಡಿಸುವವರೂ ಇದ್ದಾರೆ. ಅದರಲ್ಲಿ ಇನ್ನೊಂದು ತೊಂದರೆ. ಆರ್‌ಒ ಶುರುವಾದ ಮೊದಲ ಕ್ಷಣಗಳಲ್ಲಿ ಬರುವ ನೀರಿನಲ್ಲಿ ಲವಣ ಜಾಸ್ತಿ. ಒಂದೊಂದು ಲೋಟಕ್ಕೂ ಅದು ಶುರುವಾಗಿ ನಿಂತರೆ, ಆ ಮೊದಲ ನೀರೇ ತೊಟ್ಟಿಗೆ ಬೀಳುತ್ತಿರುತ್ತದೆ. ಕ್ಯಾನಿಗೆ ಒಂದೇ ಸಲ ತುಂಬಿಸಿಕೊಳ್ಳುವುದೇ ವಾಸಿ.

ಎರಡನೆಯದು, ಮೇಲೆ ಇನ್ನೊಂದು ಫ್ಲೋಟ್ ಸ್ವಿಚ್. ಮಾಮೂಲಿ ಮಟ್ಟಕ್ಕಿಂತ ಎರಡು ಸೆಂಟಿಮೀಟರ್ ಮೇಲೆ. ಕೆಳಗಿನದು ಕೆಟ್ಟರೂ ನೀರು ಮೇಲಿನದನ್ನು ಮುಟ್ಟಿದ ಕೂಡಲೇ ಪಂಪಿಗೆ ಕರೆಂಟ್ ತಪ್ಪಬೇಕು. ಎರಡನ್ನೂ ಪಂಪಿನ ತಂತಿಯ ದಾರಿಯಲ್ಲಿ ಒಂದರ ಹಿಂದೆ ಒಂದು ಜೋಡಿಸಿದರೆ ಅದು ತಾನಾಗಿ ಆಗುತ್ತದೆ. ಮೂರನೆಯದು ಟೈಮರ್. ಒಂದು ಸಲ ತುಂಬಲು ಒಂದು ನಿಮಿಷ ಬೇಕಾದರೆ, ಎರಡು ನಿಮಿಷ ದಾಟಿದೊಡನೆ ಪಂಪ್ ನಿಂತು ಶಬ್ದ ಮಾಡಬೇಕು. ಕೊಳ್ಳುವ ಯಂತ್ರಗಳಲ್ಲಿ ಇದು ಇದೆಯೇ ಎಂದು ಕೇಳಿ ತೆಗೆದುಕೊಳ್ಳಿ.

ವಿದ್ಯುತ್ತಿನ ಬಗ್ಗೆ ಒಂದು ಮಾತು. ಪಂಪ್ 12 ವೋಲ್ಟಿನದಾಗಿರಲಿ. ಗೋಡೆಯ ಕರೆಂಟನ್ನು ಈ ಪುಟ್ಟ ಫ್ಲೋಟ್ ಸ್ವಿಚ್ಚಿನ ಮೂಲಕ ಹರಿಸಲೇ ಬೇಡಿ. ಅಪಾಯವೂ ಹೌದು, ಒಳಗಿನ ಪಟ್ಟಿಗಳು ಬೆಸೆದುಕೊಂಡು ಸ್ವಿಚ್ ಆರದೇ ಹೋಗುವುದೂ ಉಂಟು. 12 ವೋಲ್ಟಿನಲ್ಲೂ ನಡುವೆ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್, ಇದ್ದರೆ ಫ್ಲೋಟ್ ಸ್ವಿಚ್ ಹೆಚ್ಚು ಕಾಲ ಬಾಳುತ್ತದೆ. ಅಡಾಪ್ಟರ್ ನೀರಿಗಿಂತ ಎತ್ತರದಲ್ಲಿರಲಿ. ತಂತಿ ಒಮ್ಮೆ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಿ ಪ್ಲಗ್ ಸೇರಲಿ. ಹನಿ ಜಾರಿದರೂ ಆ ತಗ್ಗಿನಲ್ಲಿ ಕೆಳಗೆ ಬೀಳುತ್ತದೆ.

ಇನ್ನು ಸೈಫನ್. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಸೆನ್ಸರ್ ಸರಿ ಇದೆ, ಪಂಪ್ ನಿಂತಿದೆ, ಆದರೂ ನೀರು ಬರುತ್ತಲೇ ಇದೆ! ಕ್ಯಾನಿನ ನೀರು ಪೈಪಿನ ತುದಿಗಿಂತ ಎತ್ತರದಲ್ಲಿದ್ದರೆ, ಒಮ್ಮೆ ತುಂಬಿಕೊಂಡ ಪೈಪಿನಲ್ಲಿ ನೀರು ತಾನಾಗಿ ಹರಿಯುತ್ತದೆ. ಅದಕ್ಕೆ ಕರೆಂಟ್ ಬೇಕಿಲ್ಲ. ಉಲ್ಟಾ ಕೂಡ ಆಗುತ್ತದೆ. ಕ್ಯಾನ್ ಕೆಳಗಿದ್ದು ಪೈಪಿನ ತುದಿ ತೊಟ್ಟಿಯ ನೀರಿನಲ್ಲಿ ಮುಳುಗಿದ್ದರೆ, ತೊಟ್ಟಿಯ ನೀರು ಹಿಂದಕ್ಕೆ ಕ್ಯಾನಿಗೆ ಬರುತ್ತದೆ. ಎರಡಕ್ಕೂ ಒಂದೇ ಉಪಾಯ. ಕ್ಯಾನನ್ನು ನೆಲದ ಮೇಲೆ, ತಗ್ಗಿನಲ್ಲಿಡಿ. ಪೈಪಿನ ತುದಿಯನ್ನು ನೀರಿಗಿಂತ ಮೇಲೆ, ಗಾಳಿಯಲ್ಲಿ ಬಿಗಿಯಾಗಿ ಕಟ್ಟಿ. ಕರೆಂಟ್ ಹೋದಾಗ ಮೇಲಿನ ನೀರು ಇಳಿದು ಸಂಪಿನ ಮಟ್ಟ ಏರುತ್ತದಲ್ವಾ, ಆ ಮಟ್ಟಕ್ಕಿಂತಲೂ ಮೇಲಿರಬೇಕು. ಕ್ಯಾನನ್ನು ಎತ್ತರದಲ್ಲೇ ಇಡಬೇಕಾಗಿ ಬಂದರೆ ಪೆರಿಸ್ಟಾಲ್ಟಿಕ್ ಪಂಪ್ ತನ್ನಿ. ಅದು ಉರುಳೆಗಳಿಂದ ಪೈಪನ್ನು ಹಿಂಡಿ ಹಿಂಡಿ ನೀರು ಕಳಿಸುತ್ತದೆ. ನಿಂತಾಗಲೂ ಪೈಪ್ ಹಿಂಡಿಕೊಂಡೇ ಇರುವುದರಿಂದ ನೀರು ಜಾರುವುದಿಲ್ಲ.

ನನ್ನ ಮನೆಯಲ್ಲಿ ನಡೆದದ್ದೊಂದು ಹೇಳುತ್ತೇನೆ. ಒಂದು ದಿನ ನೀರು ಬದಲಿಸಲು 40 ಲೀಟರ್ ತೆಗೆದೆ. ಅಷ್ಟೇ ಉಪ್ಪು ನೀರು ಕಲಸಿ ಇಟ್ಟುಕೊಂಡಿದ್ದೆ. ನಡುವೆ ಒಂದು ಫೋನ್ ಬಂತು, ಮಾತಾಡಿ ಬಂದೆ. ನೀರು ತುಂಬಿಸುತ್ತಾ ಹೋದೆ. ತೊಟ್ಟಿ ತುಂಬಿತು, ಆದರೆ ಬಕೆಟ್ಟುಗಳಲ್ಲಿ ಇನ್ನೂ 15 ಲೀಟರ್ ಉಳಿದಿತ್ತು. ಅದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ನೀರು ತೆಗೆದಾಗ ಸೆನ್ಸರ್ ಅದನ್ನು ಆವಿಯೆಂದೇ ತಿಳಿದು, ನಾನು ಫೋನಿನಲ್ಲಿದ್ದಾಗ 15 ಲೀಟರ್ ಸಿಹಿನೀರು ತುಂಬಿಸಿತ್ತು. ಅಳೆದು ನೋಡಿದರೆ ಉಪ್ಪು 35ರಿಂದ 32ರ ಹತ್ತಿರಕ್ಕೆ ಬಂದಿತ್ತು. ಒಂದೇ ಸಲ ಉಪ್ಪು ಸೇರಿಸಲಿಲ್ಲ. ಆಟೋ ಟಾಪ್ ಆಫ್ ಆರಿಸಿ, ಒಂದು ವಾರ ದಿನಾ ಆವಿಯಾದ 2 ಲೀಟರಿನ ಜಾಗಕ್ಕೆ ಉಳಿದಿದ್ದ ಆ ಉಪ್ಪು ನೀರನ್ನೇ ಹಾಕಿದೆ. ನಿಧಾನವಾಗಿ 35ರ ಹತ್ತಿರ ಬಂತು. ಯಾವ ಜೀವವೂ ಹೋಗಲಿಲ್ಲ. ಅವತ್ತಿನಿಂದ ಆ ಪ್ಲಗ್ಗಿಗೆ ಕೆಂಪು ಟೇಪ್ ಸುತ್ತಿದ್ದೇನೆ. ಬಕೆಟ್ ಮುಟ್ಟುವ ಮೊದಲು ಅದನ್ನು ಕೀಳುತ್ತೇನೆ.

ನೀರು ಬದಲಿಸುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ತುಂಬುವುದು ಬೇರೆ, ಬದಲಿಸುವುದು ಬೇರೆ. ಮೀನಿನ ಕಸದಿಂದ ಆಗುವ ನೈಟ್ರೇಟ್ ಆವಿಯಾಗುವುದಿಲ್ಲ. ಅದು ಹೋಗಬೇಕಾದರೆ ಹಳೆ ನೀರು ತೆಗೆದು ಹೊಸದು ಹಾಕಲೇಬೇಕು.

ಹಾಗಾದರೆ ತೊಟ್ಟಿಗೆ ಮುಚ್ಚಳ ಹಾಕಿ ಆವಿಯನ್ನೇ ತಡೆಯಬಾರದೇ ಎಂದು ಕೇಳಬಹುದು. ಸ್ವಲ್ಪ ತಡೆಯಬಹುದು. ಆದರೆ ಆವಿಯಾಗುವ ನೀರು ತೊಟ್ಟಿಯನ್ನು ತಂಪಾಗಿಡುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖ ತೆಗೆದರೆ 200 ಲೀಟರ್ ನೀರು ಹೆಚ್ಚುಕಡಿಮೆ 3 ಡಿಗ್ರಿ ತಣ್ಣಗಾಗುತ್ತದೆ. ಬಿಸಿಲುಗಾಲದಲ್ಲಿ ಮೇಲೆ ಫ್ಯಾನ್ ಇಟ್ಟು ಬೇಕೆಂದೇ ನೀರನ್ನು ಆವಿ ಮಾಡುವುದು ಇದಕ್ಕೇ. ಆಗ ದಿನಕ್ಕೆ ಹೋಗುವ ನೀರೂ ಜಾಸ್ತಿ, ಕ್ಯಾನಿನ ಲೆಕ್ಕ ಹೊಸದಾಗಿ ಹಾಕಬೇಕು.

ಸಮುದ್ರದ ತೊಟ್ಟಿಯವರಲ್ಲಿ ಕೆಲವರು ಹವಳಕ್ಕೆ ಕ್ಯಾಲ್ಸಿಯಂ ಸಿಗಲೆಂದು ಕ್ಯಾನಿನ ನೀರಿಗೆ ಸುಣ್ಣ ಕಲಸುತ್ತಾರೆ. ಆ ತಿಳಿಯ ಪಿಎಚ್ 12ಕ್ಕೂ ಮೇಲೆ, ಅಂದರೆ ತುಂಬ ತೀಕ್ಷ್ಣ ಕ್ಷಾರ. ಹನಿ ಹನಿಯಾಗಿ ಬಿದ್ದರೆ ಒಳ್ಳೆಯದು, ಒಮ್ಮೆಲೇ ಬಿದ್ದರೆ ಎಲ್ಲ ಜೀವಕ್ಕೂ ಕುತ್ತು. ಹೊಸದಾಗಿ ಶುರು ಮಾಡುವವರು ಕೆಲವು ತಿಂಗಳು ಬರೀ ನೀರಿನಲ್ಲೇ ನಡೆಸಿ.

ಕರೆಂಟು, ಪಂಪು ಯಾವುದೂ ಬೇಡ ಎನ್ನುವ ಸಣ್ಣ ತೊಟ್ಟಿಯವರಿಗೆ ಒಂದು ಸುಲಭ ದಾರಿ ಇದೆ. ಗಟ್ಟಿ ಬಾಟಲಿಯಲ್ಲಿ ನೀರು ತುಂಬಿ, ಬಾಯಿ ನೀರಿನ ಮಟ್ಟಕ್ಕೆ ಮುಟ್ಟುವಂತೆ ತಲೆಕೆಳಗಾಗಿ ಕಟ್ಟಿಬಿಡಿ. ನೀರು ಇಳಿದು ಬಾಯಿ ತೆರೆದರೆ ಗಾಳಿ ಒಳಗೆ ಹೋಗುತ್ತದೆ, ನೀರು ಹೊರಗೆ ಬರುತ್ತದೆ. ಬಾಯಿ ಮುಚ್ಚಿದ ಕೂಡಲೇ ನಿಲ್ಲುತ್ತದೆ. ಸೀಗಡಿ ಸಾಕುವ ಪುಟ್ಟ ತೊಟ್ಟಿಗೆ ಇಷ್ಟೇ ಸಾಕು. ಬಾಟಲಿಗೆ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಒಳಗಿನ ಗಾಳಿ ಕಾದು ಹಿಗ್ಗಿದರೆ ನೀರನ್ನು ಹೊರಗೆ ತಳ್ಳುತ್ತದೆ.

ಈಗ ಶುರು ಮಾಡುವವರು ಹೀಗೆ ಮಾಡಿ. ಮೊದಲು ನಾಲ್ಕು ದಿನ ಏನೂ ಕೊಳ್ಳಬೇಡಿ. ಗಾಜಿಗೆ ಒಂದು ಚೂರು ಟೇಪ್ ಅಂಟಿಸಿ, ದಿನಾ ಒಂದೇ ಹೊತ್ತಿಗೆ ಟೇಪಿನವರೆಗೆ ನೀರು ತುಂಬಿ, ಎಷ್ಟು ಹಿಡಿಯಿತು ಎಂದು ಅಳೆದು ಬರೆದಿಡಿ. ಆಮೇಲೆ ಎಲ್ಲ ಜೋಡಿಸಿ, ಕ್ಯಾನಿಗೆ ಎರಡೇ ಲೀಟರ್ ಹಾಕಿ. ಫ್ಲೋಟನ್ನು ಬೆರಳಿನಿಂದ ಕೆಳಗೆ ಒತ್ತಿ ಹಿಡಿಯಿರಿ. ಪಂಪ್ ಓಡಬೇಕು. ಬಿಡದೆ ಹಿಡಿದೇ ಇರಿ, ಟೈಮರ್ ನಿಲ್ಲಿಸುತ್ತದೆಯೇ ನೋಡಿ. ಮೇಲಿನ ಫ್ಲೋಟನ್ನು ಎತ್ತಿ ನೋಡಿ. ಪಂಪ್ ನಿಂತ ಮೇಲೆ ಪೈಪಿನ ತುದಿಯನ್ನು ಐದು ನಿಮಿಷ ಗಮನಿಸಿ, ಹನಿ ನಿಲ್ಲಬೇಕು. ತೊಟ್ಟಿಯ ದೊಡ್ಡ ಪಂಪನ್ನೂ ಒಮ್ಮೆ ಆರಿಸಿ ಹಚ್ಚಿ. ಹಚ್ಚಿದ ಕೂಡಲೇ ಸಂಪಿನ ನೀರು ಒಂದು ಕ್ಷಣ ತಗ್ಗುತ್ತದೆ. ಆಗ ಆಟೋ ಟಾಪ್ ಆಫ್ ಅವಸರ ಮಾಡಿ ನೀರು ಸುರಿಯಬಾರದು, ಅರ್ಧ ನಿಮಿಷವಾದರೂ ಕಾಯಬೇಕು. ಇಷ್ಟೂ ಸರಿ ಹೋದರೆ ಕ್ಯಾನ್ ತುಂಬಿ, ಸೊಳ್ಳೆ ಹೋಗದಂತೆ ಮುಚ್ಚಳ ಹಾಕಿ. ಎರಡು ವಾರ ನೀವು ಮನೆಯಲ್ಲಿರುವಾಗಲೇ ಅದು ಕೆಲಸ ಮಾಡಲಿ. ನೀವು ಬರೆದಿಟ್ಟ ಲೆಕ್ಕದಷ್ಟೇ ನೀರು ಕ್ಯಾನಿನಲ್ಲಿ ಇಳಿಯುತ್ತಿದೆಯೇ ಎಂದು ದಿನಾ ಒಂದು ಸಲ ನೋಡಿ. ಊರಿಗೆ ಹೋಗುವ ಟಿಕೆಟ್ ಅದಾದ ಮೇಲೆ ತೆಗೆದುಕೊಳ್ಳಿ.

ನಮಸ್ಕಾರ.