ಡ್ರೋನ್ ಕೊಳ್ಳಬಹುದು, ಹಾರಿಸುವ ಕೈಯನ್ನು ಪಳಗಿಸಬೇಕು

[ಪರದೆ: ಡ್ರೋನ್ ಕ್ಯಾಮೆರಾದ ನೋಟ. ಮರಗಳ ಸಾಲಿನ ಮೇಲೆ ವೇಗದ ಹಾರಾಟ.]

ಉಕ್ರೇನ್ ಯುದ್ಧದ ಇಂಥ ದೃಶ್ಯಗಳನ್ನು ನೀವು ನೋಡಿರುತ್ತೀರಿ. ಗುರಿ ಹತ್ತಿರವಾಗುತ್ತದೆ, ಚಿತ್ರ ಕದಡುತ್ತದೆ, ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಹಾರಿಸಿದ ಸೈನಿಕ ಅದನ್ನು ಹೇಗೆ ಕಲಿತ ಎಂಬುದನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಇವತ್ತಿನ ವಿಷಯ ಅದೇ.

[ಪರದೆ: ರಿಮೋಟ್ ಹಿಡಿದ ಎರಡು ಕೈಗಳು, ಸಮೀಪದಿಂದ.]

ಇದು ಎಫ್‌ಪಿವಿ, ಅಂದರೆ ‘ಫಸ್ಟ್ ಪರ್ಸನ್ ವ್ಯೂ’ ಡ್ರೋನ್. ಬೆಲೆ ಕೆಲವು ನೂರು ಡಾಲರ್. ಅದರ ಕ್ಯಾಮೆರಾ ಕಂಡದ್ದು ಪೈಲಟ್‌ನ ಕನ್ನಡಕದೊಳಗೆ ಮೂಡುತ್ತದೆ. ಮದುವೆಗಳಲ್ಲಿ ಫೋಟೋ ತೆಗೆಯುವ ಡ್ರೋನ್ ಕೈಬಿಟ್ಟರೂ ಗಾಳಿಯಲ್ಲಿ ತಾನೇ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ. ರಿಮೋಟಿನ ಬಲಗಡೆಯ ಕಡ್ಡಿಯನ್ನು ಮುಂದೆ ತಳ್ಳಿ ಬಿಟ್ಟರೆ ಬಾಗಿದ ಕೋನದಲ್ಲೇ ನುಗ್ಗುತ್ತಾ ಹೋಗುತ್ತದೆ. ಮಟ್ಟಕ್ಕೆ ತರಲು ಅಷ್ಟೇ ಹದವಾಗಿ ಹಿಂದಕ್ಕೆಳೆಯಬೇಕು. ಅದೇ ಹೊತ್ತಿಗೆ ಎಡಗೈ ಹೆಬ್ಬೆರಳು ಎತ್ತರವನ್ನು ಕಾಯಬೇಕು. ಹೊಸಬರು ಬೀಳಿಸಿಯೇ ಬೀಳಿಸುತ್ತಾರೆ. ಆದ್ದರಿಂದ ಮೊದಲ ಪಾಠ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ, ಆದರೆ ಕೈಯಲ್ಲಿರುವುದು ನಿಜವಾದ ರಿಮೋಟ್. ಯೋಚಿಸದೆಯೇ ಬೆರಳು ಆಡುವವರೆಗೂ ಅದೇ ಅಭ್ಯಾಸ.

ಸಿಮ್ಯುಲೇಟರ್ ಕೈಯನ್ನು ಪಳಗಿಸುತ್ತದೆ, ಬಯಲನ್ನು ಓದುವುದನ್ನು ಕಲಿಸುವುದು ಕಷ್ಟ. ಡ್ರೋನ್ ನೆಲದತ್ತ ಇಳಿದಂತೆ ದಿಬ್ಬವೋ ಮರವೋ ಆ್ಯಂಟೆನಾಕ್ಕೆ ಅಡ್ಡ ಬರುತ್ತದೆ. ಚಿತ್ರ ಹೋಗುವುದು ಬಹಳ ಸಲ ಗುರಿ ಮುಟ್ಟುವ ಕೊನೆಯ ಕ್ಷಣದಲ್ಲೇ. ಪಳಗಿದ ಪೈಲಟ್ ಹಾರುವ ಮೊದಲೇ ನಕ್ಷೆ ನೋಡಿ ಯಾವ ದಿಕ್ಕಿನಿಂದ ಇಳಿಯಬೇಕೆಂದು ತೀರ್ಮಾನಿಸಿರುತ್ತಾನೆ. ಚಿತ್ರ ಅಳಿದ ಮೇಲೂ ಅವನ ಕೈ ಅಲುಗುವುದಿಲ್ಲ. ಇದರ ಜೊತೆಗೆ ರೇಡಿಯೋ ಸಂಪರ್ಕವನ್ನು ಕೆಡಿಸುವ ಎದುರಾಳಿಯ ಜಾಮರ್ ಬೇರೆ.

[ಪರದೆ: ಡ್ರೋನ್‌ಗೆ ಕಟ್ಟಿದ ಕೇಬಲ್ ಸುರುಳಿ.]

ಜಾಮರ್‌ಗೆ ಉತ್ತರವಾಗಿ 2024ರಲ್ಲಿ ರಷ್ಯಾ ಆಪ್ಟಿಕಲ್ ಫೈಬರ್ ಡ್ರೋನ್‌ಗಳನ್ನು ರಣರಂಗಕ್ಕಿಳಿಸಿತು. ಡ್ರೋನನ್ನು ಪೈಲಟ್‌ಗೆ ಜೋಡಿಸುವ ಕೂದಲೆಳೆಯಂಥ ತಂತಿ ಕಿಲೋಮೀಟರುಗಟ್ಟಲೆ ಬಿಚ್ಚಿಕೊಳ್ಳುತ್ತದೆ. ರೇಡಿಯೋ ಅಲೆಯೇ ಇಲ್ಲದಿದ್ದರೆ ಜಾಮ್ ಮಾಡುವುದು ಏನನ್ನು? ಆದರೆ ಸುರುಳಿಯ ಭಾರ ಹೆಚ್ಚಾಯಿತು. ಗಿಡಮರಗಳಿಗೆ ತಂತಿ ಸಿಕ್ಕಿಕೊಳ್ಳದಂತೆ, ತನ್ನ ತಂತಿಯನ್ನು ತಾನೇ ತುಂಡರಿಸದಂತೆ ಹಾರಿಸುವುದನ್ನು ಹಳೆಯ ಪೈಲಟ್‌ಗಳೂ ಹೊಸದಾಗಿ ಕಲಿಯಬೇಕಾಯಿತು. ಇಂಥ ಯುದ್ಧಕ್ಕೆ ವರ್ಷಕ್ಕೊಮ್ಮೆ ಪರಿಷ್ಕರಿಸುವ ಪಠ್ಯಕ್ರಮ ಸಾಲದು. ಮುಂಚೂಣಿಯಿಂದ ಬಂದವರೇ ತರಗತಿಯಲ್ಲಿ ನಿಂತು ಪಾಠ ಹೇಳಬೇಕು.

ಈಗ ನಮ್ಮ ದೇಶದ ಮಾತು. 2025ರ ಮೇನಲ್ಲಿ, ಆಪರೇಷನ್ ಸಿಂಧೂರದ ವೇಳೆ, ಒಂದೇ ರಾತ್ರಿ 36 ಕಡೆ 300ರಿಂದ 400 ಡ್ರೋನ್‌ಗಳನ್ನು ಪಾಕಿಸ್ತಾನ ಕಳುಹಿಸಿತೆಂದು ನಮ್ಮ ಸೇನೆ ತಿಳಿಸಿತು. ಭಾರತ ಬಳಸಿತೆಂದು ವರದಿಯಾದ, ಗುರಿಗೆ ತಾನೇ ಅಪ್ಪಳಿಸುವ ಸ್ಕೈಸ್ಟ್ರೈಕರ್ ಡ್ರೋನ್ ತಯಾರಾಗುವುದು ಬೆಂಗಳೂರಿನಲ್ಲಿ, ಇಸ್ರೇಲಿ ಕಂಪನಿಯೊಂದರ ಸಹಭಾಗಿತ್ವದಲ್ಲಿ. ಅದೇ ವರ್ಷದ ಜುಲೈ 26ರಂದು ದ್ರಾಸ್‌ನಲ್ಲಿ ಸೇನಾ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ ಅವರು ಪದಾತಿ ಬೆಟಾಲಿಯನ್‌ಗಳಿಗೆ ಡ್ರೋನ್ ಪ್ಲಟೂನ್‌ಗಳನ್ನು ಘೋಷಿಸಿದರು. ಡೆಹ್ರಾಡೂನ್, ಮೌ, ಚೆನ್ನೈಗಳ ಸೇನಾ ಶಾಲೆಗಳಲ್ಲಿ ಡ್ರೋನ್ ತರಬೇತಿಯೂ ಶುರುವಾಗಿದೆ. ಸಂತೋಷದ ಸಂಗತಿ.

ಆದರೂ ನನಗೊಂದು ಆತಂಕವಿದೆ. ಖರೀದಿಯ ಸುದ್ದಿಗಳಲ್ಲಿ ಎಷ್ಟು ಡ್ರೋನ್, ಎಷ್ಟು ಕೋಟಿ ಎಂಬುದಷ್ಟೇ ಇರುತ್ತದೆ. ಒಬ್ಬ ಜವಾನ ಎಷ್ಟು ಗಂಟೆ ಹಾರಿಸಿದ? ಕಲಿಯುವಾಗ ಎಷ್ಟು ಡ್ರೋನ್ ಮುರಿಯಲು ಅವನಿಗೆ ಅವಕಾಶವಿತ್ತು? ಫೈರಿಂಗ್ ರೇಂಜ್‌ನಲ್ಲಿ ಹಾರಿಸಿದ ಗುಂಡನ್ನು ವಾಪಸು ಕೊಡು ಎಂದು ಯಾರೂ ಕೇಳುವುದಿಲ್ಲ. ತರಬೇತಿಯ ಡ್ರೋನ್ ಕೂಡ ಅದೇ ಲೆಕ್ಕಕ್ಕೆ ಸೇರಬೇಕು. ಮುರಿದ ಪ್ರತಿಯೊಂದು ರೆಕ್ಕೆಗೂ ವಿವರಣೆ ಬರೆದುಕೊಡಬೇಕೆಂದರೆ ಹವಾಲ್ದಾರರು ಡ್ರೋನ್‌ಗಳನ್ನು ಪೆಟ್ಟಿಗೆಯಲ್ಲೇ ಭದ್ರವಾಗಿಡುತ್ತಾರೆ, ಜವಾನನ ಕೈ ಪಳಗುವುದೇ ಇಲ್ಲ. ಬೆಳಗಾವಿಯಲ್ಲಿ ಕಮಾಂಡೋ ತರಬೇತಿಯ ಯುವ ಅಧಿಕಾರಿಗಳು ಹಗ್ಗ ಹತ್ತಿ, ಬಿದ್ದು, ಮತ್ತೆ ಹತ್ತಿಯೇ ಕಲಿಯುತ್ತಾರೆ. ಡ್ರೋನ್ ಪೈಲಟ್‌ಗೂ ಬೀಳಿಸಿ ಕಲಿಯುವ ಆ ಅವಕಾಶ ಬೇಕು, ಅದಕ್ಕೆ ಬೇಕಾದ ಹಣವನ್ನು ಬಜೆಟ್‌ನಲ್ಲೇ ತೆಗೆದಿಡಬೇಕು.